ಹಲ್ಲು, ಮೂಳೆ ದಾಟಿದ ಫ್ಲೋರೈಡ್

ನೈರುತ್ಯ ಚೀನಾದ ಗುಯಿಝೌ ಪ್ರಾಂತದ ಹಳ್ಳಿಗಳಲ್ಲಿ ದಶಕಗಳ ಕಾಲ ಚಿಮಣಿಯಿಲ್ಲದ ಒಲೆಗಳೇ ಇದ್ದವು. ಕಲ್ಲಿದ್ದಲಿಗೆ ಜೇಡಿಮಣ್ಣು ಕಲೆಸಿ ಉರಿಸುತ್ತಿದ್ದರು. ಜಿಟಿಜಿಟಿ ಮಳೆಯ ಆ ಸೀಮೆಯಲ್ಲಿ ಬಿಸಿಲಿಗೆ ಒಣಗದ ಮೆಕ್ಕೆಜೋಳ, ಮೆಣಸಿನಕಾಯಿಗಳನ್ನು ಅದೇ ಒಲೆಯ ಮೇಲೆ ಹರವುತ್ತಿದ್ದರು. ಮಣ್ಣಿನ ಫ್ಲೋರೈಡ್ ಹೊಗೆಯೊಂದಿಗೆ ಎದ್ದು ಕಾಳಿಗೆ ಅಂಟಿ ಹೊಟ್ಟೆ ಸೇರುತ್ತಿತ್ತು. ಹಲ್ಲು ಕಂದುಗಟ್ಟಿತು, ಮೂಳೆ ಸೆಟೆದುಕೊಂಡಿತು.

ಮಿದುಳಿಗೆ ಏನಾಗುತ್ತದೆ ಎಂದು ಕೇಳಿದವರಲ್ಲಿ ಆ ಪ್ರಾಂತದ ರಾಜಧಾನಿ ಗುಯಿಯಾಂಗ್‌ನ ಸಂಶೋಧಕ ಝಿ-ಝೊಂಗ್ ಗುವಾನ್ ಒಬ್ಬರು. ಸ್ವೀಡನ್ನಿನ ಸಂಶೋಧಕಿ ಆಗ್ನೆಟಾ ನೂರ್ಡ್‌ಬೆರಿ ಅವರ ಜೊತೆಗಿದ್ದರು. ಅವರು ನೋಡಿದ್ದು ನಿಕೋಟಿನಿಕ್ ಗ್ರಾಹಕಗಳನ್ನು. ಒಂದು ನರಕೋಶ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಟ್ಟಾಗ ಪಕ್ಕದ ಕೋಶದ ಹೊರಪೊರೆಯಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವು. ಕಲಿಕೆಗೂ ನೆನಪಿಗೂ ಇವು ಬೇಕು. ಆಲ್ಜೈಮರ್ ಕಾಯಿಲೆಯಲ್ಲಿ ಕಡಿಮೆಯಾಗುವುದೂ ಇವೇ.

2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಿಗೆ ಏಳು ತಿಂಗಳು ಫ್ಲೋರೈಡ್ ನೀರು ಕುಡಿಸಿದರು: ಕೆಲವಕ್ಕೆ 30 ಪಿಪಿಎಂ (ಅಂದರೆ ಲೀಟರಿಗೆ 30 ಮಿಲಿಗ್ರಾಂ), ಕೆಲವಕ್ಕೆ 100. ಗ್ರಾಹಕದ ಆಲ್ಫಾ-7 ಎಂಬ ಭಾಗ ಎರಡೂ ಗುಂಪಿನ ಮಿದುಳಲ್ಲಿ ಕುಸಿದಿತ್ತು. ಆಲ್ಫಾ-4 ಕುಸಿದದ್ದು 100ರಲ್ಲಿ ಮಾತ್ರ. ಬೀಟಾ-2 ಹಾಗೆಯೇ ಉಳಿದಿತ್ತು. ಅಂದರೆ ವಿಷ ಎಲ್ಲವನ್ನೂ ಒಂದೇ ಸಮ ಕೆಡಿಸಿರಲಿಲ್ಲ. ಮುಂದಿನ ಅಧ್ಯಯನ ಇನ್ನೂ ಕುತೂಹಲದ್ದು: ಪ್ರೋಟೀನ್ ಕಟ್ಟಲು ವಂಶವಾಹಿಯಿಂದ ಹೊರಡುವ ಸಂದೇಶ ಸರಿಯಾಗಿಯೇ ಇತ್ತು, ಪ್ರೋಟೀನ್ ಮಾತ್ರ ಕಡಿಮೆಯಾಗಿತ್ತು. ಕಟ್ಟುವ ಹಂತದಲ್ಲೋ ಕಟ್ಟಿದ ಮೇಲೋ ಪೆಟ್ಟು ಬಿದ್ದಿದೆ. ಕೋಶದ ಪೊರೆಯ ಕೊಬ್ಬು ಉತ್ಕರ್ಷಣೆಯಿಂದ ಹಾಳಾಗುವುದು ಒಂದು ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ.

ಇದನ್ನು ಓದಿ ಟೂತ್‌ಪೇಸ್ಟ್ ಎಸೆಯಬೇಕಾಗಿಲ್ಲ. ಇಲಿಗೆ ಕೊಟ್ಟದ್ದು ಭಾರೀ ಪ್ರಮಾಣ. ಮನುಷ್ಯರ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆದರೆ ಆ ಮಿತಿ ಮೀರಿದ ಕಡೆ ಮಕ್ಕಳ ಬುದ್ಧಿಸೂಚ್ಯಂಕ ಕಡಿಮೆಯಿರುವುದರ ನಂಟನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಮಧ್ಯಮ ಮಟ್ಟದ ಖಚಿತತೆಯಿಂದ ಒಪ್ಪಿದೆ. ಅದಕ್ಕೂ ಕಡಿಮೆ ಪ್ರಮಾಣದ ಬಗ್ಗೆ ತೀರ್ಮಾನಕ್ಕೆ ಪುರಾವೆ ಸಾಲದು ಎಂದಿದೆ.

ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿ ಮೀರಿದೆ. ಇಲ್ಲಿ ಒಲೆಯ ತಪ್ಪಿಲ್ಲ. ಬಂಡೆಯೊಳಗಿನ ಫ್ಲೋರೈಡ್ ಖನಿಜ ಅಂತರ್ಜಲದಲ್ಲಿ ಕರಗುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಹಾಗಾಗಿ ಶುದ್ಧ ನೀರಿನ ಘಟಕ ಕೆಟ್ಟು ನಿಂತ ಊರಲ್ಲಿ ರಿಪೇರಿ ಬರುವವರೆಗೆ, ಮಳೆನೀರಾಗಲಿ ಟ್ಯಾಂಕರ್ ನೀರಾಗಲಿ, ಸಿಕ್ಕ ಒಳ್ಳೆಯ ನೀರಿನ ಮೊದಲ ಕೊಡ ಬಸುರಿಯರಿಗೂ ಪುಟ್ಟ ಮಕ್ಕಳಿಗೂ ಸಲ್ಲಬೇಕು.