ಎಡಿಟರ್‌ನ ಒಳಗೆಷ್ಟು, ಹೊರಗೆಷ್ಟು?

ಮುಕ್ತ ತಂತ್ರಾಂಶಕ್ಕೆ ಹೊಸ ಸೌಲಭ್ಯ ಬೇಕೆನ್ನುವವರಿಗೆ ಕೊರತೆಯಿಲ್ಲ. ಅದನ್ನು ಬರೆದುಕೊಟ್ಟು ವರ್ಷಗಟ್ಟಲೆ ನೋಡಿಕೊಳ್ಳುವವರು ಮಾತ್ರ ವಿರಳ. ಆದ್ದರಿಂದ ಟೆಕ್ಸ್ಟ್ ಎಡಿಟರ್‌ಗೆ ಆಟೊಕಂಪ್ಲೀಟ್ ಬೇಕೆಂದು ಪ್ರಸ್ತಾವ ಇಡುವವರು ಎಡಿಟರ್‌ನೊಳಗೇ ಬುದ್ಧಿ ತುಂಬಲು ಹೋಗದೆ, ಹೊರಗಿನ ಬುದ್ಧಿಗೆ ಬಾಗಿಲು ತೆರೆಯುವ ದಾರಿ ಹುಡುಕಬೇಕು. ಡಚ್ ಪ್ರೋಗ್ರಾಮರ್ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಎಡಿಟರ್ ವಿಮ್‌ನ ಚರಿತ್ರೆ ಇದಕ್ಕೆ ಒಳ್ಳೆಯ ಪುರಾವೆ.

ಕಂಟ್ರೋಲ್ ಮತ್ತು ಎನ್ ಕೀಲಿ ಒತ್ತಿದರೆ ವಿಮ್, ತೆರೆದಿರುವ ಕಡತ ಮೊದಲಾದೆಡೆ ಹುಡುಕಿ ಅರ್ಧ ಟೈಪಿಸಿದ ಪದವನ್ನು ಪೂರ್ತಿ ಮಾಡುತ್ತದೆ. ಅದು ಅಕ್ಷರಗಳ ಹೊಂದಾಣಿಕೆ ಅಷ್ಟೆ. ವೇರಿಯಬಲ್ ಮುಂದೆ ಚುಕ್ಕಿ ಇಟ್ಟಾಗ ಅಲ್ಲಿ ಯಾವ ಫಂಕ್ಷನ್‌ಗಳು ಸಲ್ಲುತ್ತವೆ ಎಂಬುದು ಅದಕ್ಕೆ ತಿಳಿಯದು. 2006ರ ಮೇ ತಿಂಗಳಲ್ಲಿ ಬಂದ ವಿಮ್ 7 ಈ ಕೊರತೆ ತುಂಬಲು ಓಮ್ನಿ ಕಂಪ್ಲೀಷನ್ ತಂದಿತು. ಕಂಟ್ರೋಲ್-ಎಕ್ಸ್, ಕಂಟ್ರೋಲ್-ಓ ಒತ್ತಿದೊಡನೆ, ಕಡತದ ಪ್ರೋಗ್ರಾಮಿಂಗ್ ಭಾಷೆಗೆಂದು ಗೊತ್ತುಮಾಡಿದ ಫಂಕ್ಷನ್ ಒಂದನ್ನು ಎಡಿಟರ್ ಎರಡು ಸಲ ಕರೆಯುತ್ತದೆ. ಪೂರ್ತಿಯಾಗಬೇಕಾದ ಪದ ಯಾವ ಕಾಲಂನಲ್ಲಿ ಶುರುವಾಗುತ್ತದೆ ಎಂದು ಮೊದಲ ಸಲ ಕೇಳುತ್ತದೆ. ಅದಕ್ಕೆ ಹೊಂದುವ ಪದಗಳ ಪಟ್ಟಿಯನ್ನು ಎರಡನೆಯ ಸಲ ಪಡೆಯುತ್ತದೆ. ಮೆನು ತೋರಿಸುವುದು ವಿಮ್‌ನ ಪಾಲಿನ ಕೆಲಸ, ಭಾಷೆಯ ವ್ಯಾಕರಣ ಫಂಕ್ಷನ್ ಬರೆದವರ ಜವಾಬ್ದಾರಿ.

ಇದು ಹೊರೆಯನ್ನು ಬೇರೆಯವರ ಹೆಗಲಿಗೆ ದಾಟಿಸುವ ಉಪಾಯವಲ್ಲವೇ ಎಂದು ಆಕ್ಷೇಪಿಸಬಹುದು. ಅದರಲ್ಲಿ ಹುರುಳಿದೆ: ಐದು ಎಡಿಟರ್, ಹತ್ತು ಭಾಷೆ ಇದ್ದರೆ ಐವತ್ತು ಪ್ಲಗಿನ್ ಬರೆಯಬೇಕು. ಆದರೆ ಪರಿಹಾರ ಬಂದದ್ದೂ ಅದೇ ದಾರಿಯಲ್ಲಿ. ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್‌ವಿ 2016ರ ಜೂನ್‌ನಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಎಡಿಟರ್ ಮತ್ತು ಭಾಷೆಯ ವ್ಯಾಕರಣ ಬಲ್ಲ ಸರ್ವರ್ ನಡುವಿನ ಮಾತುಕತೆಗೆ ಒಂದೇ ನಿಯಮ ಮಾಡಿತು. ಐವತ್ತು ಪ್ಲಗಿನ್‌ಗಳ ಜಾಗದಲ್ಲಿ ಹತ್ತು ಸರ್ವರ್, ಐದು ಕ್ಲೈಂಟ್ ಸಾಕಾದವು. ವಿಮ್‌ನಿಂದ ಕವಲೊಡೆದ ನಿಯೋವಿಮ್ 2021ರ 0.5 ಆವೃತ್ತಿಯಲ್ಲಿ ಈ ಕ್ಲೈಂಟನ್ನು ತನ್ನಲ್ಲೇ ಅಳವಡಿಸಿಕೊಂಡಿತು.

ಟೈಪಿಸುವಾಗ ತಾನಾಗಿ ಎದ್ದು ಬರುವ ಮೆನು ಗಮನ ಕದಿಯುತ್ತದೆ ಎಂಬ ದೂರೂ ನಿಜವೇ. ಅದಕ್ಕೆ ಸೌಲಭ್ಯವನ್ನೇ ನಿರಾಕರಿಸಬೇಕಿಲ್ಲ, ಆಯ್ಕೆಯನ್ನು ಬಳಕೆದಾರರಿಗೆ ಬಿಟ್ಟರಾಯಿತು. ನಿಯೋವಿಮ್ 2025ರ 0.11ರಲ್ಲಿ ತಾನಾಗಿ ಮೆನು ತೆರೆಯುವ ಸೌಲಭ್ಯವನ್ನು ತನ್ನೊಳಗೇ ಕೊಟ್ಟಿತು, ಆದರೆ ಬಳಸುವವರು ಆನ್ ಮಾಡಿದರಷ್ಟೇ ಅದು ಕೆಲಸ ಮಾಡುತ್ತದೆ. ಪ್ರಸ್ತಾವ ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಇದೇ: ಇದರಲ್ಲಿ ಎಡಿಟರ್‌ನೊಳಗೆ ಇರಲೇಬೇಕಾದ ಭಾಗ ಎಷ್ಟು? ಆ ಭಾಗ ಚಿಕ್ಕದಾದಷ್ಟೂ ನಿರ್ವಾಹಕರು ಅದನ್ನು ಒಪ್ಪಿ ಉಳಿಸಿಕೊಳ್ಳುವುದು ಸುಲಭ.