ಸವೆದ ಡಿಸ್ಕಿಗೆ ಪ್ರಾಣಿ ಅಂಗಾಂಶದ ಹಂದರ

ಕುವೈತಿನಲ್ಲಿ ದಿನವಿಡೀ ಸ್ಟಿಯರಿಂಗ್ ಹಿಡಿಯುವವರಿಗೂ ಕಂಪ್ಯೂಟರಿನ ಮುಂದೆ ಕೂರುವವರಿಗೂ ಬೆನ್ನುನೋವು ಹೊಸದಲ್ಲ. ಡಿಸ್ಕ್ ಸವೆದಿದೆ ಎಂದು ವೈದ್ಯರು ಹೇಳಿದಾಗ, ಅದನ್ನು ಮತ್ತೆ ಬೆಳೆಸಲಾಗದೇ ಎಂಬ ಪ್ರಶ್ನೆ ಸಹಜ.

ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯೇ ಡಿಸ್ಕ್. ಒಳಗೆ ನೀರಿನಂಶ ತುಂಬಿದ ತಿರುಳು, ಸುತ್ತಲೂ ಕೊಲಾಜೆನ್ ನಾರಿನ ಉಂಗುರಗಳು. ವಯಸ್ಕರ ಡಿಸ್ಕಿನಲ್ಲಿ ರಕ್ತನಾಳಗಳು ತೀರಾ ಕಡಿಮೆ; ಆದ್ದರಿಂದ ಅದರ ಗಾಯ ಸುಲಭವಾಗಿ ಮಾಯುವುದಿಲ್ಲ.

ಇದಕ್ಕೆ ವಿಜ್ಞಾನಿಗಳು ಹುಡುಕುತ್ತಿರುವ ದಾರಿಗಳಲ್ಲೊಂದು ಪ್ರಾಣಿ ಅಂಗಾಂಶ. ಹಂದಿ ಅಥವಾ ದನದ ಅಂಗಾಂಶದಿಂದ ಜೀವಕೋಶಗಳನ್ನು ತೊಳೆದು ತೆಗೆದರೆ ಪ್ರೋಟೀನಿನ ಹಂದರ ಉಳಿಯುತ್ತದೆ. ದೇಹ ಅದನ್ನು ತಿರಸ್ಕರಿಸುವ ಸಂಭವವೂ ತಗ್ಗುತ್ತದೆ. ಚಪ್ಪರಕ್ಕೆ ಬಳ್ಳಿ ಹಬ್ಬುವಂತೆ ನಮ್ಮ ಜೀವಕೋಶಗಳು ಅದರ ಮೇಲೆ ಬೆಳೆಯಬೇಕು.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಇಂಥ ಹಂದರ ರೂಪಿಸಿದೆ. ಚರ್ಮದ ಗಾಯಕ್ಕೆ ಬಳಸಲು 2023ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿಯೂ ದೊರೆಯಿತು. ಡಿಸ್ಕಿನ ವಿಷಯ ಬೇರೆ. ಅಲ್ಲಿ ರಕ್ತದ ಪೂರೈಕೆ ಕಡಿಮೆ, ಮೈಭಾರವೋ ಸದಾ ಇದ್ದದ್ದೇ. ಹಾಗಾಗಿ ಈ ಸಂಶೋಧನೆ ಬಹುಪಾಲು ಪ್ರಯೋಗಾಲಯದಲ್ಲೂ ಪ್ರಾಣಿಗಳ ಮೇಲೂ ನಡೆದಿದೆ.

ಡಿಸ್ಕ್ ಬೆಳೆಸಿಕೊಡುತ್ತೇವೆ ಎಂಬ ಜಾಹೀರಾತು ನಂಬಿ ಊರಿಗೆ ಟಿಕೆಟ್ ಮಾಡಿಸುವ ಮುನ್ನ ಎರಡು ಮಾತು ಕೇಳಿ: ಈ ಚಿಕಿತ್ಸೆಗೆ ಅನುಮತಿ ಇದೆಯೇ? ಬಳಸುವ ವಸ್ತು ಯಾವ ಪ್ರಾಣಿಯದು? ಎರಡನೆಯದು ನಮ್ಮಲ್ಲಿ ಅನೇಕರಿಗೆ ನಂಬಿಕೆಯ ಪ್ರಶ್ನೆ. ಕೇಳಲು ಸಂಕೋಚ ಬೇಡ.