ಅಕ್ಕಿಕಾಳು ಬಿದ್ದಾಗ ಚಿತ್ರ ಒಡೆಯುವುದೇಕೆ?

ರೋಣ ತಾಲ್ಲೂಕಿನ ಜಕ್ಕಲಿಯಂಥ ಊರುಗಳಲ್ಲಿ ಹತ್ತು-ಹದಿನೈದು ವರ್ಷದ ಹಿಂದೆ ಮದುವೆ ಕಂಡ ಎಷ್ಟೋ ಮನೆಗಳ ಟ್ರಂಕಿನಲ್ಲಿ, ಆಲ್ಬಮ್ಮಿನ ಜೊತೆ ಒಂದು ಡಿವಿಡಿ ಇರುತ್ತದೆ. ಈಗ ಇಲ್ಲದ ಅಜ್ಜ ಅದರಲ್ಲಿ ಸುರಗಿ ಶಾಸ್ತ್ರದ ಹತ್ತಿರ ನಗುತ್ತ ನಿಂತಿರುತ್ತಾರೆ. ಆ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಬೇಕೆಂದು ಮೊಮ್ಮಕ್ಕಳ ಆಸೆ.

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಕಾಣುವುದು ‘ವಿಡಿಯೋ ಟಿಎಸ್’ ಎಂಬ ಫೋಲ್ಡರು, ಅದರೊಳಗೆ ‘ವಿಒಬಿ’ ಕಡತಗಳು. ಒಂದು ಕಡತ 1 ಜಿಬಿ ಮೀರುವಂತಿಲ್ಲ ಎಂಬುದು ಡಿವಿಡಿಯ ನಿಯಮ. ಹಾಗಾಗಿ ತಾಳಿಯ ಎರಡು ಗಂಟು ಒಂದರಲ್ಲಿ, ಮೂರನೆಯದು ಮುಂದಿನದರಲ್ಲಿ ಬೀಳಬಹುದು.

ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದಕ್ಕೂ ಅಡ್ಡ 720, ಉದ್ದ 576 ಚುಕ್ಕಿ. ಇದ್ದದ್ದನ್ನು ಇದ್ದ ಹಾಗೆ ಬರೆದರೆ 4.7 ಜಿಬಿಯ ಡಿಸ್ಕು ಐದು ನಿಮಿಷಕ್ಕೇ ತುಂಬುತ್ತದೆ. ಎರಡು ತಾಸಿನ ಮದುವೆ ಹಿಡಿಸುವುದು ಎಂಪೆಗ್-2 ವಿಧಾನದಿಂದ. ಅದು ಒಂದು ಚಿತ್ರವನ್ನು ಪೂರ್ತಿ ಬರೆದು, ಅನಂತರದ ಹತ್ತು-ಹದಿನಾಲ್ಕು ಚಿತ್ರಗಳಲ್ಲಿ ಏನು ಬದಲಾಯಿತು, ಯಾವ ಚೌಕ ಎತ್ತ ಸರಿಯಿತು ಎಂಬುದನ್ನಷ್ಟೇ ಬರೆಯುತ್ತದೆ. ಅಜ್ಜ ನಿಂತಲ್ಲೇ ನಿಂತಿದ್ದರೆ ಬರೆಯುವುದು ಕಡಿಮೆ, ಮುಖ ಸ್ಪಷ್ಟ. ಅಕ್ಕಿಕಾಳು ಬಿದ್ದಾಗ ನೂರಾರು ಕಾಳು ನೂರಾರು ದಿಕ್ಕಿಗೆ ಹಾರುತ್ತವೆ, ಕೈಗಳೆಲ್ಲ ಮೇಲೇಳುತ್ತವೆ. ಇಷ್ಟೊಂದು ಬದಲಾವಣೆಗೆ ಜಾಗ ಸಾಲದೆ ಮದುಮಕ್ಕಳ ಮುಖ ಚೌಕಚೌಕವಾಗಿ ಒಡೆಯುತ್ತದೆ. ಅದು ವಿಡಿಯೋದವರ ಕೈತಪ್ಪಲ್ಲ.

ಕತ್ತರಿಸುವಾಗಲೂ ಈ ವಿಧಾನವೇ ಅಡ್ಡ ಬರುತ್ತದೆ. ನಡುವಿನ ಚಿತ್ರಕ್ಕೆ ಹಿಂದುಮುಂದಿನ ಆಸರೆ ಬೇಕು. ಪೂರ್ತಿ ಚಿತ್ರ ಬರುವುದು ಸುಮಾರು ಅರ್ಧ ಸೆಕೆಂಡಿಗೊಮ್ಮೆ. ಕತ್ತರಿ ಅಲ್ಲಿಯೇ ಹಾಕಬೇಕು. ಮನೆ ಡಿವಿಡಿಗೆ ಸಿನಿಮಾ ಡಿವಿಡಿಯಂತೆ ಬೀಗವಿರುವುದಿಲ್ಲ. ಮೇಕ್‌ಎಂಕೆವಿ ಎಂಬ ತಂತ್ರಾಂಶ ತುಂಡು ಕಡತಗಳನ್ನು ಒಂದಾಗಿ ಹೊಲಿದುಕೊಡುತ್ತದೆ, ಲಾಸ್‌ಲೆಸ್‌ಕಟ್ ಎಂಬ ಇನ್ನೊಂದು ತಂತ್ರಾಂಶ ಚಿತ್ರವನ್ನು ಮುಟ್ಟದೆ ಬೇಕಾದಷ್ಟನ್ನು ತೆಗೆಯುತ್ತದೆ. ಮೊದಲೇ ಎಂಪಿ4 ಮಾಡಿಕೊಡುತ್ತೇವೆಂದು ಯಾರಾದರೂ ಅಂದರೆ ಒಪ್ಪಬೇಡಿ. ಈಗಾಗಲೇ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಹೋದ ಸೂಕ್ಷ್ಮ ಮರಳಿ ಬರುವುದಿಲ್ಲ. ಮೂಲವನ್ನು ಹಾಗೆಯೇ ನಕಲು ಮಾಡಿಟ್ಟು, ಮೊಬೈಲಿಗೆ ಬೇಕಾದರೆ ಬೇರೆ ಪ್ರತಿ ಮಾಡಿ.

ಇದನ್ನು ಮುಂದೂಡಬಾರದು ಎನ್ನಲು ಕಾರಣವಿದೆ. ಅಂಗಡಿಯ ಸಿನಿಮಾ ಡಿಸ್ಕಿನಲ್ಲಿ ಕುಳಿಗಳ ಅಚ್ಚಿರುತ್ತದೆ. ಮನೆ ಡಿಸ್ಕಿನಲ್ಲಿರುವುದು ಲೇಸರ್ ಸುಟ್ಟು ಗುರುತು ಮಾಡಿದ ಬಣ್ಣದ ಪದರ. ಬಿಸಿಲು, ಸೆಕೆ ಅದನ್ನು ಕೆಡಿಸುತ್ತವೆ. ಶೂಟಿಂಗಿನ ಮೂಲ ಕ್ಯಾಸೆಟ್ಟಿನ ಮೇಲೆ ಬಹಳ ಸಲ ಇನ್ನೊಂದು ಮನೆಯ ಮದುವೆ ಬಂದು ಕೂತಿರುತ್ತದೆ, ಹಾಗಾಗಿ ಡಿಸ್ಕೇ ಗತಿ. ಡಿಸ್ಕಿನ ಸುರುಳಿ ಗೆರೆಯ ಬರವಣಿಗೆ, ಬಿಡಿಸಿದರೆ ಸುಮಾರು 12 ಕಿಲೋಮೀಟರ್ ಉದ್ದದ್ದು, ನಡುವಿನಿಂದ ಹೊರಕ್ಕೆ ಸಾಗುತ್ತದೆ. ಡಿಸ್ಕು ತುಂಬಿದ್ದರೆ ಹೆಣ್ಣು ಒಪ್ಪಿಸುವ ಹೊತ್ತು, ಬೆರಳು ಹೆಚ್ಚು ತಾಗುವ ಹೊರ ಅಂಚಿನಲ್ಲೇ ಇರುತ್ತದೆ. ಒರೆಸುವಾಗ ಮೆತ್ತನೆ ಅರಿವೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ: ಗೆರೆಯ ಗುಂಟ ಬಿದ್ದ ಗೀರು ಒಂದೇ ಕಡೆಯ ಬರಹವನ್ನು ಉದ್ದಕ್ಕೆ ಅಳಿಸುತ್ತದೆ, ಅಡ್ಡ ಗೀರಿನ ನಷ್ಟವನ್ನು ಡಿಸ್ಕಿನಲ್ಲೇ ಇರುವ ತಿದ್ದುಪಡಿ ಲೆಕ್ಕ ಬಹುಮಟ್ಟಿಗೆ ತುಂಬಿಕೊಡುತ್ತದೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ. ಎಷ್ಟೋ ಸಲ ಅದು ಓದುತ್ತದೆ.